ಎಂಜಿನ್ನನ್ನು ಚಕ್ರದಿಂದ ಬಿಡಿಸಿದವರು

1995ರ ನವೆಂಬರಿನಲ್ಲಿ ಜಪಾನಿನ ಟೊಯೊಟಾ ಕಂಪನಿಯ ಎಂಜಿನಿಯರುಗಳು ಒಂದು ಮಾದರಿ ಕಾರನ್ನು ಜೋಡಿಸಿ ಮುಗಿಸಿದರು. ಚಾಲೂ ಮಾಡಿದರೆ ಅದು ಜಪ್ಪಯ್ಯ ಅನ್ನಲಿಲ್ಲ. ಮರುದಿನವೂ ಅಷ್ಟೇ. ತಪ್ಪು ವೈರಿಂಗಿನಲ್ಲಿದೆಯೋ, ಮೋಟರಿನಲ್ಲಿದೆಯೋ, ಎರಡನ್ನೂ ಆಳುವ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿದೆಯೋ ಎಂದು ಹುಡುಕುತ್ತ 49 ದಿನ ಕಳೆದವು. ಡಿಸೆಂಬರಿನ ಕೊನೆಗೆ ಕಾರು ಹೊರಟಿತು. ಸುಮಾರು 500 ಮೀಟರ್ ಹೋಗಿ ಮತ್ತೆ ನಿಂತಿತು.

ಪೆಟ್ರೋಲ್ ಎಂಜಿನ್ನೂ ಕರೆಂಟಿನ ಮೋಟರೂ ಇರುವ ಆ ಹೈಬ್ರಿಡ್ ಕಾರಿನ ವಂಶದ್ದೇ ಇವತ್ತು ಬಳ್ಳಾರಿಯ ರಸ್ತೆಗಳಲ್ಲಿ ಓಡಾಡುತ್ತಿದೆ. ಪೆಟ್ರೋಲ್ ಬಂಕಿನಲ್ಲಿ ಅದನ್ನು ನಿಲ್ಲಿಸಿದರೆ ಎರಡು ಪ್ರಶ್ನೆ ತಪ್ಪುವುದಿಲ್ಲ. ಒಂದು, "ಎಷ್ಟು ಕೊಡುತ್ತಣ್ಣ?" ಇನ್ನೊಂದು, "ಇದಕ್ಕೆ ಚಾರ್ಜ್ ಎಲ್ಲಿ ಹಾಕ್ತೀರಿ?" ಎರಡನೆಯದಕ್ಕೆ ಉತ್ತರ ಸುಲಭ: ಎಲ್ಲೂ ಹಾಕುವುದಿಲ್ಲ, ಹಾಕಲು ಜಾಗವೂ ಇಲ್ಲ. ಮೊದಲನೆಯದು ಹಾಗಲ್ಲ. ಬ್ಯಾಟರಿ ಇದೆ, ಅದಕ್ಕೇ ಮೈಲೇಜ್ ಜಾಸ್ತಿ ಎಂದು ಮಾರುವವರೂ ಕೊಳ್ಳುವವರೂ ನಂಬಿದ್ದಾರೆ. ಲೆಕ್ಕ ಹಾಕಿದರೆ ಆ ನಂಬಿಕೆ ನಿಲ್ಲುವುದಿಲ್ಲ.

ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾದ ಹೈಬ್ರಿಡ್ ಮಾದರಿಗಳಲ್ಲಿ ಇರುವುದು 0.76 ಯೂನಿಟ್ ಹಿಡಿಸುವ ಲಿಥಿಯಂ ಬ್ಯಾಟರಿ. ಮನೆಯ ಮೀಟರಿನಲ್ಲಿ ಓಡುವ ಅದೇ ಯೂನಿಟ್. ಜೆಸ್ಕಾಂ ಬಿಲ್ಲಿನ ಪ್ರಕಾರ ಐದು ರೂಪಾಯಿಯ ಆಸುಪಾಸಿನ ಕರೆಂಟು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು ಒಂಬತ್ತು ಯೂನಿಟ್ ಶಕ್ತಿ ಅಡಗಿದೆ. ಅಂದರೆ ಆ ಬ್ಯಾಟರಿ ಪೂರ್ತಿ ತುಂಬಿದರೂ ಅದರಲ್ಲಿರುವುದು 80, 85 ಮಿಲಿ ಪೆಟ್ರೋಲಿನ ಶಕ್ತಿ, ಒಂದು ಸಣ್ಣ ಟೀ ಲೋಟದಷ್ಟು. ಇಷ್ಟನ್ನು ಇಟ್ಟುಕೊಂಡು ಯಾವ ಕಾರೂ ಬಳ್ಳಾರಿಯಿಂದ ಸಿರುಗುಪ್ಪ ಮುಟ್ಟಲಾರದು. ಹಾಗಾದರೆ ಉಳಿತಾಯ ಎಲ್ಲಿಂದ ಬಂತು? ಅದನ್ನು ಹುಡುಕಿದವರ ಕತೆ ಶುರುವಾಗುವುದು ಟೊಯೊಟಾಕ್ಕಿಂತ ಬಹಳ ಹಿಂದೆ.

ಪೆಟ್ರೋಲ್ ಎಂಜಿನ್ನಿನ ಹಣೆಬರಹ ಅದನ್ನು ರಿಪೇರಿ ಮಾಡುವ ಪ್ರತಿಯೊಬ್ಬ ಮೇಸ್ತ್ರಿಗೂ ಗೊತ್ತು. ಒಂದು ಹದವಾದ ಭಾರ, ಒಂದು ಹದವಾದ ವೇಗ ಇದ್ದಾಗ ಅದು ಚೆನ್ನಾಗಿ ದುಡಿಯುತ್ತದೆ. ಆಮೆಗತಿಯ ಟ್ರಾಫಿಕ್ಕಿನಲ್ಲಿ ಕುಡಿದದ್ದೆಲ್ಲ ದಂಡ. ಆದರೆ ಎಂಜಿನ್ನಿಗೆ ಹದ ಆರಿಸಿಕೊಳ್ಳುವ ಸ್ವಾತಂತ್ರ್ಯ ಇಲ್ಲ. ಗಿಯರ್ ಡಬ್ಬಿಯ ಮೂಲಕ ಅದನ್ನು ಚಕ್ರಕ್ಕೆ ಕಟ್ಟಿಹಾಕಿದ್ದೇವೆ. ಚಕ್ರ ನಿಧಾನವಾದರೆ ಅದೂ ನಿಧಾನ, ಚಕ್ರ ಓಡಿದರೆ ಅದೂ ಓಡಬೇಕು. ಈ ಕಟ್ಟನ್ನು ಬಿಚ್ಚುವುದು ಹೇಗೆ ಎಂಬುದೇ ನೂರು ವರ್ಷ ಕಾಡಿದ ಸಮಸ್ಯೆ.

ಮೊದಲು ಬಿಚ್ಚಿದವರಲ್ಲಿ ಫರ್ಡಿನಾಂಡ್ ಪೋರ್ಷೆ ಒಬ್ಬ. 1900ರಲ್ಲಿ ಆತ ಕಟ್ಟಿದ 'ಸೆಂಪರ್ ವಿವಸ್' ಗಾಡಿಯಲ್ಲಿ ಪೆಟ್ರೋಲ್ ಎಂಜಿನ್ನುಗಳ ಕೆಲಸ ಜನರೇಟರ್ ತಿರುಗಿಸುವುದಷ್ಟೇ. ಚಕ್ರ ತಿರುಗಿಸುವ ಮೋಟರುಗಳು ಗಾಲಿಯ ಗುಂಬದಲ್ಲೇ ಕೂತಿದ್ದವು. ಎಂಜಿನ್ನಿಗೂ ಚಕ್ರಕ್ಕೂ ನೇರ ಸಂಬಂಧವೇ ಇಲ್ಲ. ಚೆಂದದ ಉಪಾಯ. ಆದರೆ ಶಕ್ತಿಯೆಲ್ಲ ಒಮ್ಮೆ ಕರೆಂಟಾಗಿ, ಮತ್ತೆ ತಿರುಗಣೆಯಾಗಿ ಬದಲಾಗುವಾಗ ದಾರಿಯಲ್ಲಿ ಸೋರುತ್ತದೆ. ಬ್ಯಾಟರಿ, ಮೋಟರು ಎಲ್ಲ ಸೇರಿ ಗಾಡಿ ಹೆಣಭಾರ. ಪೆಟ್ರೋಲ್ ಅಗ್ಗವಾಯಿತು, ಅದು ಮೂಲೆ ಸೇರಿತು.

ಅದಕ್ಕೂ ಮೊದಲೇ ಮೂಲೆ ಸೇರಿದ್ದ ಇನ್ನೊಂದು ವಸ್ತುವಿತ್ತು. 1880ರ ದಶಕದಲ್ಲಿ ಬ್ರಿಟನ್ನಿನ ಜೇಮ್ಸ್ ಅಟ್ಕಿನ್ಸನ್, ಜರ್ಮನಿಯ ಒಟ್ಟೊ ಎಂಬಾತನ ಎಂಜಿನ್ ಪೇಟೆಂಟಿಗೆ ಸಿಗದ ಹಾಗೆ ತನ್ನದೇ ಎಂಜಿನ್ ರೂಪಿಸಿದ. ಗಾಳಿಯನ್ನು ಒತ್ತುವ ದೂರಕ್ಕಿಂತ, ಉರಿದ ಮೇಲೆ ಅದು ಹಿಗ್ಗುವ ದೂರ ಅದರಲ್ಲಿ ಹೆಚ್ಚು. ಉರಿದ ಗಾಳಿಯಲ್ಲಿ ಇನ್ನೂ ಕಸುವಿರುವಾಗಲೇ ಸೈಲೆನ್ಸರಿನಿಂದ ಹೊರಗೆ ಬಿಡುವ ಬದಲು, ಕೊನೇ ಹನಿಯವರೆಗೆ ಹಿಂಡುವ ಎಂಜಿನ್ನು. ಇಂಧನದಲ್ಲಿ ಜಿಪುಣ, ಎಳೆತದಲ್ಲಿ ಬಡವ. ನಿಂತಲ್ಲಿಂದ ಗಾಡಿ ಎಳೆಯಲು ತ್ರಾಣವಿಲ್ಲದ ಎಂಜಿನ್ನನ್ನು ಕಾರಿಗೆ ಯಾರು ಹಾಕುತ್ತಾರೆ? ಯಾರೂ ಹಾಕಲಿಲ್ಲ.

ಬೀಗದ ಕೈ ಸಿಕ್ಕಿದ್ದು ಅಮೆರಿಕದಲ್ಲಿ. ಟಿಆರ್‌ಡಬ್ಲ್ಯೂ ಕಂಪನಿಯ ಬರೂಕ್ ಬರ್ಮನ್, ಜಾರ್ಜ್ ಗೆಲ್ಬ್, ನೀಲ್ ರಿಚರ್ಡ್‌ಸನ್ ಮತ್ತವರ ಜತೆಗಾರರು 1971ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು, ಅದೇ ವರ್ಷ ಪೇಟೆಂಟೂ ಬಂತು. ಅವರ ಉಪಾಯದ ಹೃದಯ ಒಂದು ಗ್ರಹ ಗಿಯರು. ನಡುವೆ ಸೂರ್ಯನೆಂಬ ಸಣ್ಣ ಹಲ್ಲುಚಕ್ರ, ಸುತ್ತ ತಿರುಗುವ ಪುಟ್ಟ ಗ್ರಹಗಳು, ಎಲ್ಲವನ್ನೂ ಬಳಸಿದ ಒಳಹಲ್ಲಿನ ಬಳೆ. ಮುಂದೆ ಟೊಯೊಟಾ ಇದನ್ನು ಜೋಡಿಸಿದ್ದು ಹೀಗೆ: ಗ್ರಹಗಳನ್ನು ಹೊತ್ತ ಚೌಕಟ್ಟಿಗೆ ಎಂಜಿನ್ನು, ಸೂರ್ಯನಿಗೆ ಜನರೇಟರು, ಹೊರಬಳೆಗೆ ಚಕ್ರ. ಇದು ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ನೊಗವನ್ನು ನೋಡಿದರೆ ಸಾಕು. ಒಂದು ಎತ್ತು ಬಡಕಲಾದರೆ ರೈತ ನೊಗದ ನಡುಗಟ್ಟನ್ನು ಬಲವಾದ ಎತ್ತಿನ ಕಡೆಗೆ ಸರಿಸಿ ಕಟ್ಟುತ್ತಾನೆ. ಆಗ ಭಾರ ಸಮನಾಗಿ ಹಂಚಿಹೋಗದೆ, ಎರಡು ಎತ್ತುಗಳಿಗೆ ಇಷ್ಟಿಷ್ಟೇ ಎಂದು ಗೊತ್ತಾದ ಪಾಲಿನಲ್ಲಿ ಹಂಚಿಹೋಗುತ್ತದೆ. ಒಂದು ಎತ್ತು ಒಂದು ಹೆಜ್ಜೆ ಮುಂದಿದ್ದರೂ ಪಾಲು ಬದಲಾಗದು. ಗ್ರಹ ಗಿಯರಿನಲ್ಲಿ ಆ ಎರಡು ಎತ್ತುಗಳು ಚಕ್ರ ಮತ್ತು ಜನರೇಟರು, ಪಾಲು ಗೊತ್ತುಮಾಡುವುದು ಹಲ್ಲುಗಳ ಎಣಿಕೆ. ಟೊಯೊಟಾದ ಮೊದಲ ಹೈಬ್ರಿಡ್ಡಿನಲ್ಲಿ ಸೂರ್ಯನಿಗೆ 30 ಹಲ್ಲು, ಬಳೆಗೆ 78. ಹಾಗಾಗಿ ಎಂಜಿನ್ನಿನ ತಿರುಚುಬಲದಲ್ಲಿ 72 ಪಾಲು ಸೀದಾ ಚಕ್ರಕ್ಕೆ, 28 ಪಾಲು ಜನರೇಟರಿಗೆ. ಯಾವ ವೇಗದಲ್ಲೂ ಅಷ್ಟೇ.

ಚಮತ್ಕಾರ ಇರುವುದು ವೇಗದಲ್ಲಿ. ಜನರೇಟರನ್ನು ಜೋರಾಗಿಯೋ ನಿಧಾನವಾಗಿಯೋ, ಬೇಕಾದರೆ ಹಿಮ್ಮುಖವಾಗಿಯೋ ತಿರುಗಿಸಿದರೆ, ಚಕ್ರದ ವೇಗ ಎಷ್ಟೇ ಇರಲಿ, ಎಂಜಿನ್ ತನಗೆ ಹದವಾದ ವೇಗದಲ್ಲೇ ಇರಬಹುದು. ಪೋರ್ಷೆಯ ಹಾಗೆ ಶಕ್ತಿಯನ್ನೆಲ್ಲ ಕರೆಂಟು ಮಾಡಬೇಕಿಲ್ಲ. ದೊಡ್ಡ ಪಾಲು ಹಲ್ಲಿನಿಂದ ಹಲ್ಲಿಗೆ ನೇರ ಹೋಗುತ್ತದೆ. ಎಂಜಿನ್ನು ಚಕ್ರದಿಂದ ಬಿಡುಗಡೆಯಾದದ್ದು ಇಲ್ಲಿ. ನನ್ನ ಮಟ್ಟಿಗೆ ನಿಜವಾದ ಆವಿಷ್ಕಾರ ಇದೇ, ಬ್ಯಾಟರಿಯಲ್ಲ. ಆದರೆ 1971ರಲ್ಲಿ ಕ್ಷಣಕ್ಷಣಕ್ಕೂ ಎಂಜಿನ್, ಜನರೇಟರ್, ಚಕ್ರ ಈ ಮೂರನ್ನೂ ಹೊಂದಿಸುವ ಅಗ್ಗದ ಕಂಪ್ಯೂಟರಾಗಲಿ, ಅಷ್ಟು ಕರೆಂಟನ್ನು ತಡೆದು ಬಿಡುವ ಸ್ವಿಚ್ಚಾಗಲಿ ಎಲ್ಲಿತ್ತು? ಪೇಟೆಂಟಿನ ಅವಧಿಯೇ ಮುಗಿದುಹೋಯಿತು.

1993ರ ಸೆಪ್ಟೆಂಬರಿನಲ್ಲಿ ಟೊಯೊಟಾ ಇಪ್ಪತ್ತೊಂದನೇ ಶತಮಾನಕ್ಕೆ ಎಂಥ ಕಾರು ಬೇಕೆಂದು ಯೋಚಿಸಲು ಜಿ21 ಎಂಬ ತಂಡ ಕಟ್ಟಿತು. ಮುಖ್ಯಸ್ಥನಾಗಿ ಬಂದವನು ತಾಕೇಶಿ ಉಚಿಯಾಮಾಡ. ಅದುವರೆಗೆ ಆತನ ಕೆಲಸ ಕಾರಿನ ಸದ್ದು ಮತ್ತು ನಡುಕ ತಗ್ಗಿಸುವುದು. ಇಡೀ ಕಾರೊಂದನ್ನು ರೂಪಿಸಿದವನಲ್ಲ. ಮೊದಲ ಗುರಿ ಮೈಲೇಜನ್ನು ಒಂದೂವರೆ ಪಟ್ಟು ಮಾಡುವುದು. ಅದಕ್ಕೆ ಒಳ್ಳೆಯ ಎಂಜಿನ್, ಒಳ್ಳೆಯ ಗಿಯರ್ ಡಬ್ಬಿ ಸಾಕು ಎಂದು ತಂಡ ಲೆಕ್ಕ ಹಾಕಿತ್ತು. ಮೇಲಧಿಕಾರಿ ಅಕಿಹಿರೊ ವಾಡ ಒಪ್ಪಲಿಲ್ಲ. ಎರಡು ಪಟ್ಟು ಮಾಡಿ, ಆಗದಿದ್ದರೆ ಯೋಜನೆ ಬೇಡ ಎಂದ. ಇರುವ ಎಂಜಿನ್ನನ್ನು ಎಷ್ಟು ತಿಕ್ಕಿದರೂ ಎರಡು ಪಟ್ಟು ಬರುವುದಿಲ್ಲ. ಹಾಗಾಗಿ ತಂಡ ಹೈಬ್ರಿಡ್ಡಿನ ಬಾಗಿಲು ತಟ್ಟಿತು. ಸುಮಾರು 80 ಬಗೆಯ ಜೋಡಣೆಗಳನ್ನು ಕಂಪ್ಯೂಟರಿನಲ್ಲಿ ಓಡಿಸಿ, ಸೋಸಿ ಸೋಸಿ ನಾಲ್ಕಕ್ಕೆ ಇಳಿಸಿ, ಕೊನೆಗೆ ಗ್ರಹ ಗಿಯರಿನ ದಾರಿ ಹಿಡಿಯಿತು. ಮೂಲೆಯಲ್ಲಿದ್ದ ಅಟ್ಕಿನ್ಸನ್ನನ ಉಪಾಯಕ್ಕೆ ಆಗ ಬೆಲೆ ಬಂತು. ನಿಂತಲ್ಲಿಂದ ಎಳೆಯುವ ಕೆಲಸ ಮೋಟರಿನದಾದ ಮೇಲೆ ಎಂಜಿನ್ ಬಡವನಾದರೇನು, ಜಿಪುಣನಾಗಿದ್ದರೆ ಸಾಕು.

ಆಮೇಲೆ ಬಂದದ್ದು 49 ದಿನಗಳ ಆ ಮೌನ, ಅದರ ಬೆನ್ನಿಗೆ ಬೇರೆ ತಲೆನೋವು. ಕರೆಂಟನ್ನು ಆಳುವ ಅರೆವಾಹಕಗಳು ಸುಟ್ಟುಹೋಗುತ್ತಿದ್ದವು. ಬ್ಯಾಟರಿ ಚಳಿಗೆ ಮುದುಡುತ್ತಿತ್ತು, ಬಿಸಿಗೆ ಕೆಡುತ್ತಿತ್ತು. ಪರೀಕ್ಷಾ ಓಟದಲ್ಲಿ ಚಾಲಕನ ಪಕ್ಕ ಒಬ್ಬ ಲ್ಯಾಪ್‌ಟಾಪ್ ಹಿಡಿದು ಬ್ಯಾಟರಿಯ ಉಷ್ಣವನ್ನೇ ನೋಡುತ್ತ ಕೂರಬೇಕಾಗಿತ್ತು. ಇದರ ಮೇಲೆ ಹೊಸ ಅಧ್ಯಕ್ಷ ಹಿರೋಶಿ ಒಕುಡ ಗಡುವನ್ನು ಒಂದು ವರ್ಷ ಹಿಂದಕ್ಕೆಳೆದ. ಕ್ಯೋಟೊದಲ್ಲಿ ಹವಾಮಾನ ಸಮ್ಮೇಳನ ನಡೆಯುತ್ತಿದ್ದ ತಿಂಗಳಲ್ಲೇ, 1997ರ ಡಿಸೆಂಬರ್ 10ಕ್ಕೆ, 'ಪ್ರಿಯಸ್' ಮಾರಾಟಕ್ಕೆ ಬಂತು. ಅದಕ್ಕೆ ಎರಡು ತಿಂಗಳ ಮುಂಚೆ, ಅದೇ 1997ರ ಅಕ್ಟೋಬರಿನಲ್ಲಿ, ನಮ್ಮ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಂಪನಿ ಹುಟ್ಟಿತ್ತು. ಎರಡೂ ಒಂದಾಗಲು ಸುಮಾರು ಹದಿನಾರು ವರ್ಷ ಬೇಕಾಯಿತು: 2013ರಲ್ಲಿ ಬಿಡದಿಯಲ್ಲಿ ಕ್ಯಾಮ್ರಿ ಹೈಬ್ರಿಡ್ ಜೋಡಣೆ, ಅದು ಸಾಹುಕಾರರ ಕಾರು. 2022ರಲ್ಲಿ ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಾ ಬಂದ ಮೇಲೆ ಅಕ್ಕಿ ಗಿರಣಿಯ ಮಾಲೀಕ, ಮೇಷ್ಟ್ರು, ಡಾಕ್ಟರು ಕೂಡ ಶೋರೂಮಿನಲ್ಲಿ ವಿಚಾರಿಸತೊಡಗಿದರು.

ವಿಚಾರಿಸುವವರು ಎಡವುವ ಒಂದು ಕಲ್ಲಿದೆ. ಇದೇ ಕಾರುಗಳಲ್ಲಿ 'ಸ್ಮಾರ್ಟ್ ಹೈಬ್ರಿಡ್', 'ಮೈಲ್ಡ್ ಹೈಬ್ರಿಡ್' ಎಂದು ಹೆಸರಿಟ್ಟುಕೊಂಡದ್ದೂ ಇದೆ. ಅದರಲ್ಲಿ ಗ್ರಹ ಗಿಯರಿನ ಈ ಆಟ ಇಲ್ಲ, ಮೋಟರೊಂದರಿಂದಲೇ ಕಾರು ಓಡುವುದಿಲ್ಲ. ಕಾರಿನ ಹಿಂದಿನ ಬಿಲ್ಲೆ ನೋಡಿ ಮರುಳಾಗಬೇಡಿ. 'ಸ್ಟ್ರಾಂಗ್ ಹೈಬ್ರಿಡ್' ಹೌದೋ ಅಲ್ಲವೋ ಕೇಳಿ.

ಸ್ಟ್ರಾಂಗ್ ಮಾದರಿಯದು 1490 ಸಿಸಿಯ ಮೂರು ಸಿಲಿಂಡರಿನ ಅಟ್ಕಿನ್ಸನ್ ಬಗೆಯ ಎಂಜಿನ್. ಎಂಜಿನ್ನೂ ಮೋಟರೂ ಸೇರಿ ಸುಮಾರು 116 ಅಶ್ವಶಕ್ತಿ. ಘೋಷಿಸಿದ ಮೈಲೇಜ್ ಲೀಟರಿಗೆ 27.97 ಕಿ.ಮೀ. ಈ ಅಂಕಿ ಸುಳ್ಳಲ್ಲ, ಆದರೆ ಅದು ಹುಟ್ಟಿದ್ದು ಪ್ರಯೋಗಶಾಲೆಯ ಉರುಳೆಗಳ ಮೇಲೆ. ಭಾರತದ ಪರೀಕ್ಷಾ ಓಟ 1180 ಸೆಕೆಂಡಿನದು. ಅದರಲ್ಲಿ 780 ಸೆಕೆಂಡು ಊರೊಳಗಿನ ಓಟದ ನಕಲು: 50 ದಾಟದ ವೇಗ, ಹೆಚ್ಚುಕಮ್ಮಿ ಮೂರನೇ ಒಂದು ಹೊತ್ತು ನಿಂತೇ ಇರುವುದು. ಉಳಿದದ್ದು ಹೈವೇ, ಅಲ್ಲೂ 90ರ ಮೇಲೆ ಹೋಗುವುದಿಲ್ಲ. ಎಸಿ ಬಂದ್. ನಿಂತಾಗ ಎಂಜಿನ್ ಆರಿಸುವ ಕಾರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕೆ? ಆದರೆ ಬಳ್ಳಾರಿಯ ಏಪ್ರಿಲ್ಲಿನಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ ಎಸಿ ಬಂದ್ ಮಾಡಿ ಓಡಿಸುವವರು ಯಾರು?

ಹಾಗಾಗಿ ಇಲ್ಲಿ ಕಾರನ್ನು ಅಳೆಯಬೇಕಾದ್ದು ಬೇರೆ ಬೇರೆ ದಾರಿಯಲ್ಲಿ.

ಮೊದಲು ಊರೊಳಗೆ. ಮೋತಿ ಸರ್ಕಲ್, ಕೌಲ್ ಬಜಾರ್, ಬ್ರೂಸ್‌ಪೇಟೆ: ಆಟೋ, ತಳ್ಳುಗಾಡಿ, ಜೀನ್ಸ್ ಗಂಟು ಹೊತ್ತ ಟೆಂಪೊ. ಇಲ್ಲಿ ಕಾರು ಹೆಚ್ಚಾಗಿ ಮೋಟರಿನಲ್ಲೇ ತೆವಳುತ್ತದೆ, ಎಂಜಿನ್ ಮಲಗಿರುತ್ತದೆ. ಬ್ರೇಕಿನ ಮೇಲೆ ಕಾಲಿಟ್ಟರೆ ಪರದೆಯ ಮೇಲೆ ಬಾಣದ ಗುರುತು ತಿರುಗಿ ಚಕ್ರದಿಂದ ಬ್ಯಾಟರಿಯ ಕಡೆ ಓಡುತ್ತದೆ. ಜನ ಕೂತ ಕಾರು 1,400 ಕೆಜಿ ಎಂದಿಟ್ಟುಕೊಂಡರೆ, 60ರ ವೇಗದಲ್ಲಿ ಅದರ ಓಟದಲ್ಲಿರುವ ಶಕ್ತಿ ಸುಮಾರು 0.054 ಯೂನಿಟ್. ಎಲ್ಲವೂ ವಾಪಸ್ ಬರುವುದಿಲ್ಲ, ಬಂದಷ್ಟು ಲಾಭ. ಬ್ಯಾಟರಿ ಯಾಕೆ ಸಣ್ಣದು ಎಂಬುದಕ್ಕೂ ಉತ್ತರ ಇಲ್ಲೇ ಇದೆ: ಅದು ಊರು ಸುತ್ತಲು ಇಟ್ಟ ಬುತ್ತಿಯಲ್ಲ, ಬ್ರೇಕಿನಲ್ಲಿ ಬಂದ ಚಿಲ್ಲರೆಯನ್ನು ಮುಂದಿನ ಸಿಗ್ನಲ್ಲಿನವರೆಗೆ ಇಟ್ಟುಕೊಳ್ಳುವ ಜೇಬು. 1997ರ ಪ್ರಿಯಸ್ಸಿನ ಬ್ಯಾಟರಿ ಸುಮಾರು 1.7 ಯೂನಿಟ್ಟಿನದು, ಈಗ ಅದರ ಅರ್ಧವೂ ಇಲ್ಲ, ಕೆಲಸ ಕುಂದಿಲ್ಲ.

ರೈಲ್ವೆ ಗೇಟಿನಲ್ಲಿ ಇನ್ನೊಂದು ಆಟ. ಮೊದಲ ಪ್ರಿಯಸ್ಸಿನಲ್ಲಿ ಎಸಿಯ ಕಂಪ್ರೆಸರನ್ನು ಎಂಜಿನ್ ಬೆಲ್ಟೇ ತಿರುಗಿಸುತ್ತಿತ್ತು. ಎಂಜಿನ್ ನಿಂತರೆ ತಂಪೂ ನಿಲ್ಲಬೇಕು. 2003ರ ಎರಡನೇ ತಲೆಮಾರಿನಲ್ಲಿ ಅದನ್ನು ಕರೆಂಟಿನಿಂದ ತಿರುಗಿಸತೊಡಗಿದರು. ಬಳ್ಳಾರಿಗೆ ಬೇಕಾಗಿದ್ದ ಆವಿಷ್ಕಾರ ಅದು. ಗೇಟು ಹಾಕಿದೆ, ಗೂಡ್ಸ್ ರೈಲು ಅದಿರು ಹೊತ್ತು ಹೋಗುತ್ತಲೇ ಇದೆ, ಪಕ್ಕದ ಡೀಸೆಲ್ ಗಾಡಿಗಳೆಲ್ಲ ಗುರುಗುಟ್ಟುತ್ತಿವೆ, ಇಲ್ಲಿ ಸದ್ದಿಲ್ಲದೆ ತಂಪು. ಸ್ವಲ್ಪ ಹೊತ್ತಿಗೆ ಬ್ಯಾಟರಿಯ ಗೆರೆಗಳು ಇಳಿದು, ಯಾರೂ ಮುಟ್ಟದೆಯೇ ಎಂಜಿನ್ ಎದ್ದುಕೊಳ್ಳುತ್ತದೆ, ಒಂದಿಷ್ಟು ತುಂಬಿ ಮತ್ತೆ ಮಲಗುತ್ತದೆ. ಮೊದಲ ಸಲ ಕೂತವರು "ಏನಾಯ್ತು ಸಾರ್?" ಎಂದು ಬೆಚ್ಚುವುದುಂಟು.

ಇನ್ನು ಸಿರುಗುಪ್ಪದ ದಾರಿ. 150ಎ ರಾಷ್ಟ್ರೀಯ ಹೆದ್ದಾರಿ, ತೆಕ್ಕಲಕೋಟೆಯ ಬೆಟ್ಟ, ಎರಡೂ ಕಡೆ ತುಂಗಭದ್ರೆಯ ನೀರುಂಡ ಗದ್ದೆ. ಕಪ್ಪು ಮಣ್ಣಿನ ನೆಲದಲ್ಲಿ ಡಾಂಬರು ಅಲೆಯೇಳುವುದು ಹೊಸದೇನಲ್ಲ. ಸುಗ್ಗಿಯಲ್ಲಿ ಭತ್ತದ ಲಾರಿ, ರಸ್ತೆಯ ಅರ್ಧದಲ್ಲಿ ಒಣಗಲು ಹಾಕಿದ ಭತ್ತ, ಹಿಂದೆ ದೀಪವಿಲ್ಲದ ಟ್ರಾಕ್ಟರ್ ಟ್ರೈಲರ್. ಇಲ್ಲಿ ಒಂದೇ ವೇಗದಲ್ಲಿ ಹೋಗುತ್ತಿದ್ದರೆ ಬ್ರೇಕಿನ ಚಿಲ್ಲರೆ ಬೀಳುವುದಿಲ್ಲ. ಉಳಿಸುವುದು ಅಟ್ಕಿನ್ಸನ್ ಒಬ್ಬನೇ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, 60ಕ್ಕಿಂತ 100ರಲ್ಲಿ ಸುಮಾರು 2.8 ಪಟ್ಟು. ಡೀಸೆಲ್ ಓಡಿಸಿ ರೂಢಿಯಾದವರಿಗೆ ಇದು ತಿರುಗುಮುರುಗು ಅನ್ನಿಸುತ್ತದೆ: ಅವರ ಗಾಡಿ ಹೈವೇಗೆ ಬಿದ್ದರೆ ಹೆಚ್ಚು ಕೊಡುತ್ತಿತ್ತು, ಇದು ಊರೊಳಗೆ ಹೆಚ್ಚು ಉಳಿಸುತ್ತದೆ. ಲಾರಿ ಹಿಂದಿಕ್ಕಲು ಎಕ್ಸಲೇಟರ್ ಪೂರ್ತಿ ಒತ್ತಿ ನೋಡಿ. ಎಂಜಿನ್ ಒಮ್ಮೆಗೇ ಚೀರುತ್ತದೆ, ಕಾರು ಆಮೇಲೆ ನಿಧಾನಕ್ಕೆ ಕೂಡಿಕೊಳ್ಳುತ್ತದೆ. ಸದ್ದಿಗೂ ವೇಗಕ್ಕೂ ತಾಳೆಯಿಲ್ಲ, ಯಾಕೆಂದರೆ ಎಂಜಿನ್ ಚಕ್ರಕ್ಕೆ ಕಟ್ಟಿಲ್ಲವಲ್ಲ! ಕೆಟ್ಟಿಲ್ಲ, ಆದರೆ ಕಿವಿಗೆ ಹಿತವೂ ಅಲ್ಲ.

ಕುರುಗೋಡಿನ ದಾರಿ ಇವೆರಡರ ನಡುವಿನದು. ಹಳ್ಳಿ, ಹಂಪು, ಕುರಿಮಂದೆ, ಮತ್ತೆ ಖಾಲಿ ರಸ್ತೆ; ದೊಡ್ಡಬಸವೇಶ್ವರನ ತೇರಿನ ದಿನವಾದರೆ ಖಾಲಿಯೂ ಇಲ್ಲ. ಏರು ಇಳಿತದ ಇಂಥ ವೇಗಕ್ಕೆ ಈ ಕಾರು ಹೇಳಿ ಮಾಡಿಸಿದ್ದು.

ಕಾರು ಕೊಳ್ಳುವವನು ಕೊನೆಗೆ ಕೇಳುವುದು ರೂಪಾಯಿ ಲೆಕ್ಕ. ಉದಾಹರಣೆಗಷ್ಟೇ ಕೆಲವು ಅಂಕಿ ಹಿಡಿಯೋಣ: ಪೆಟ್ರೋಲ್ ನೂರು ರೂಪಾಯಿ, ಹೈಬ್ರಿಡ್ಡಿಗೆ ಹೆಚ್ಚು ಕೊಟ್ಟದ್ದು ಮೂರು ಲಕ್ಷ. ಊರೊಳಗೆ ಸಾದಾ ಆಟೊಮ್ಯಾಟಿಕ್ ಲೀಟರಿಗೆ 14, ಹೈಬ್ರಿಡ್ 21 ಎಂದುಕೊಂಡರೆ ಕಿಲೋಮೀಟರಿಗೆ 2.38 ರೂಪಾಯಿ ಉಳಿತಾಯ. ತಿಂಗಳಿಗೆ 900 ಕಿ.ಮೀ. ಓಡಿಸುವವನ ಮೂರು ಲಕ್ಷ ಹಿಂದಿರುಗಲು ಹನ್ನೊಂದೂವರೆ ವರ್ಷ ದಾಟುತ್ತದೆ. ಹೈವೇಯಲ್ಲಿ 17 ಮತ್ತು 22 ಎಂದು ಹಿಡಿದರೆ ಉಳಿತಾಯ 1.34 ರೂಪಾಯಿ ಮಾತ್ರ, ಆದರೆ ದಿನಾ ಸಿರುಗುಪ್ಪಕ್ಕೆ ಹೋಗಿ ಬರುವವನು ವರ್ಷಕ್ಕೆ 33,000 ಕಿ.ಮೀ. ಓಡುತ್ತಾನೆ, ಏಳು ವರ್ಷದೊಳಗೆ ದುಡ್ಡು ವಾಪಸ್. ಯಾರ ದಾರಿಯಲ್ಲಿ ಕಾರು ಹೆಚ್ಚು ಉಳಿಸುತ್ತದೋ ಅವನು ಕಮ್ಮಿ ಓಡಿಸುತ್ತಾನೆ, ಹೆಚ್ಚು ಓಡಿಸುವವನ ದಾರಿಯಲ್ಲಿ ಅದು ಕಮ್ಮಿ ಉಳಿಸುತ್ತದೆ. ಬ್ಯಾಟರಿಗೆ ಕಂಪನಿ ಕೊಡುವ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ.; ಇದನ್ನೂ ಆ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು. ತೆರಿಗೆಯೂ ಕೈ ಹಿಡಿದಿಲ್ಲ. 2025ರ ಸೆಪ್ಟೆಂಬರಿನ ಬದಲಾವಣೆಯ ನಂತರವೂ ಈ ಅಳತೆಯ ಹೈಬ್ರಿಡ್ಡಿಗೆ ಜಿಎಸ್‌ಟಿ ಶೇಕಡ 40, ಎಲೆಕ್ಟ್ರಿಕ್ ಕಾರಿಗೆ 5.

ಪೆಟ್ರೋಲಿಗಾಗಿಯೇ ಕೊಳ್ಳುವುದಾದರೆ ಊರೊಳಗಿನವರು ಇನ್ನೊಮ್ಮೆ ಯೋಚಿಸಲಿ ಎನ್ನುತ್ತೇನೆ. ಆದರೆ ಈ ಕಾರಿನಲ್ಲಿ ಸವೆಯುವ ಕ್ಲಚ್ ಪ್ಲೇಟ್ ಇಲ್ಲ, ಸೆಲ್ಫ್ ಮೋಟರ್ ಇಲ್ಲ, ಡೈನಮೋ ಇಲ್ಲ, ರಿವರ್ಸ್ ಗಿಯರ್ ಕೂಡ ಇಲ್ಲ. ಹಿಂದಕ್ಕೆ ಹೋಗಲು ಮೋಟರೇ ಉಲ್ಟಾ ತಿರುಗುತ್ತದೆ. ಟ್ರಾಫಿಕ್ಕಿನಲ್ಲಿ ಅದರ ನೆಮ್ಮದಿಗೆ ಬೆಲೆ ಕಟ್ಟುವವರು ಕಟ್ಟಲಿ. ನನಗೆ ಅನುಮಾನ ಇರುವುದು ಬಿಸಿಲಿನ ಬಗ್ಗೆ. ಲಿಥಿಯಂ ಬ್ಯಾಟರಿಗೆ ಶಾಖವೇ ಶತ್ರು, ಅದನ್ನು ತಣ್ಣಗಿಡುವುದು ಕಾರಿನೊಳಗಿನ ಗಾಳಿ. ಟೊಯೊಟಾ ಹೈಬ್ರಿಡ್ಡುಗಳಲ್ಲಿ ಸಾಮಾನ್ಯವಾಗಿ ಹಿಂದಿನ ಸೀಟಿನ ಬಳಿ ಅದಕ್ಕೊಂದು ಕಿಂಡಿ ಇರುತ್ತದೆ. ಅದಿರಿನ ಧೂಳಿನ ಊರಿನಲ್ಲಿ ಆ ಕಿಂಡಿ ಕಟ್ಟಿಕೊಳ್ಳದ ಹಾಗೆ ನೋಡಿಕೊಳ್ಳಬೇಕು, ಅದಕ್ಕೆ ಅಡ್ಡವಾಗಿ ಚೀಲ ಇಡಬಾರದು. ಬ್ಯಾಟರಿ ಕೂತ ಜಾಗಕ್ಕೆ ಡಿಕ್ಕಿಯೂ ಕುಗ್ಗಿದೆ. ಸಿರುಗುಪ್ಪದಿಂದ ಸೋನಾ ಮಸೂರಿ ತರುವವರು ಶೋರೂಮಿಗೆ ಹೋಗುವಾಗಲೇ 25 ಕೆಜಿಯ ಚೀಲ ಎರಡನ್ನು ಒಯ್ದು ಹಾಕಿ ನೋಡಲಿ.

ಟೆಸ್ಟ್ ಡ್ರೈವಿಗೆ ಸಂಜೆ ತಂಪು ಹೊತ್ತಿಗೆ ಕರೆದರೆ ಒಪ್ಪಬೇಡಿ. ಮಧ್ಯಾಹ್ನ ಎರಡಕ್ಕೆ ಹೋಗಿ. ಮನೆಮಂದಿಯನ್ನೆಲ್ಲ ಕೂರಿಸಿ, ಎಸಿ ಹಾಕಿ, ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. ಊರೊಳಗಿನ ಒಂದು ಸುತ್ತಿಗೆ ಎಲ್ಲ ಶೋರೂಮಿನವರೂ ಒಪ್ಪುತ್ತಾರೆ, ಅಲ್ಲಿ ಈ ಕಾರು ಸೋಲುವುದಿಲ್ಲ ಎಂದು ಅವರಿಗೆ ಗೊತ್ತು. ತೆಕ್ಕಲಕೋಟೆಯವರೆಗೆ ಹೋಗಿ ಬರೋಣ ಎಂದರೆ ಗಡಿಯಾರ ನೋಡುತ್ತಾರೆ. ದಿನಾ ಆ ದಾರಿಯಲ್ಲಿ ಓಡಾಡುವವರು ನೀವಾಗಿದ್ದರೆ, ಅವರು ಒಪ್ಪುವ ತನಕ ಅಡ್ವಾನ್ಸ್ ಕೊಡಬೇಡಿ.